ಮಾತು ತಿಳಿಯಲಿಲ್ಲ

ಮೂವತ್ತೊಂದು ವರ್ಷ ಪೊಲೀಸ್ ವೈರ್‌ಲೆಸ್ಸಿನಲ್ಲಿ ಕೂತವಳು ನಾನು.
ಬಲಗಿವಿ ಮಂದ. ಎಡಗಿವಿ ಇನ್ನೂ ಡ್ಯೂಟಿಯಲ್ಲಿದೆ.
ನಿವೃತ್ತಿಯ ದುಡ್ಡಲ್ಲಿ ಬಳೆ ಮಾಡಿಸಿಕೋ ಅಂದಳು ತಂಗಿ,
ನಾನು ಸ್ಕ್ಯಾನರ್ ತಂದೆ. ಡಿಜಿಟಲ್ಲು. ಅಂಗೈಯಗಲ.

ಚಿಕ್ಕಬಳ್ಳಾಪುರ, ಕಂದವಾರದ ನಮ್ಮ ತಾರಸಿ.
ನೀರಿನ ಟ್ಯಾಂಕಿಗೆ ಬಿಗಿದ ಆಂಟೆನಾ.
ನಂದಿ ಅಡ್ಡ ಕೂತಿದೆ, ಸರಿ;
ಆದರೂ ಬೆಟ್ಟ ಬೆಟ್ಟದ ನಡುವಿನ ಸಂದಿಯಲ್ಲಿ
ಕಳ್ಳಬೆಕ್ಕಿನ ಹಾಗೆ ನುಸುಳಿ ಬರುತ್ತಿತ್ತು
ವಿಮಾನ ನಿಲ್ದಾಣದ ರಾತ್ರಿಪಾಳಿ.

ವಿಮಾನಗಳ ಮಾತು ನನಗೆ ಬೇಡ. ಅವು ಬರೀ ಎತ್ತರ ಹೇಳುತ್ತವೆ.
ನನಗೆ ಬೇಕಾದದ್ದು ನೆಲದವರು:
ಮೂರನೇ ಗೇಟಿನಿಂದ ಟೀಗೆ ಬಿಡಿ ಎಂದು ಕೇಳುವವನು,
ಆಕಳಿಸುತ್ತಲೇ ರೋಜರ್ ಅನ್ನುವವನು,
ಬೇಲಿಯ ಹತ್ತಿರ ಮುಂಗುಸಿ ಕಂಡದ್ದನ್ನು
ಕಳ್ಳನನ್ನು ಕಂಡಷ್ಟೇ ಗಂಭೀರವಾಗಿ ವರದಿ ಮಾಡುವವನು.

ಕೇಳಿದ್ದು ಕಿವಿಯಲ್ಲೇ ಇರಬೇಕು. ಅದು ನಮ್ಮ ನಿಯಮ.
ಕೇಳಲೂ ಬಾರದು ಅನ್ನುವುದು ಸರ್ಕಾರದ್ದು.
ಗೊತ್ತು. ಆ ಸುತ್ತೋಲೆಯನ್ನು ಎರಡು ಸಲ
ಠಾಣೆಯಲ್ಲಿ ಓದಿ ಹೇಳಿದವಳೇ ನಾನು.

ನಮ್ಮ ನಿಯಮ ಮುರಿದದ್ದು ಕದಿರಮ್ಮನ ದೆಸೆಯಿಂದ.
ಪಕ್ಕದ ಮನೆ; ಹೂವಿನ ಮಂಡಿಯಲ್ಲಿ ಸೇವಂತಿಗೆ ತೂಗುತ್ತಾಳೆ.
ಮರೆತ ಸಂಡಿಗೆ ಎತ್ತಲು ಕತ್ತಲಲ್ಲಿ ಬಂದವಳು ನಿಂತುಬಿಟ್ಟಳು:
"ಅದಿ ಮಾ ಪಾಪ ಗೊಂತೇ ಕದಾ?"
ಹೌದು, ಅವಳ ಸುಗುಣಳದೇ ದನಿ. ಹೊರಗಿನ ಕಾವಲು, ಗುತ್ತಿಗೆ ಕೆಲಸ.
ಮನೆಯಲ್ಲಿ ಉಪ್ಪು ಕೊಡು ಅನ್ನಲೂ ಕಿರುಚುವ ಹುಡುಗಿ
ಅಲ್ಲಿ ಮೂರೇ ಶಬ್ದ, ತೂಕಕ್ಕೆ ಹಾಕಿದ ಹಾಗೆ:
"ಕಂಬ ಹದಿನಾಲ್ಕು. ಕ್ಲಿಯರ್."

ಅಂದಿನಿಂದ ರಾತ್ರಿ ಹತ್ತಕ್ಕೆ ಇಬ್ಬರಿಗೂ ಡ್ಯೂಟಿ.
ಅವಳು ಅವರೆಕಾಯಿ ಸುಲಿಯುತ್ತಾಳೆ,
ನಾನು ಲಾಗ್‌ಬುಕ್ಕು ಬರೆಯುತ್ತೇನೆ.

ಪುಷ್ಯದ ಚಳಿ. ಒಂದು ಐವತ್ತು.
"ಕಂಬ ಹದಿನಾಲ್ಕು. ಚೀಲ ಇದೆ. ಹತ್ತಿರ ಯಾರೂ ಇಲ್ಲ."
"ದೂರ ಸರಿ. ಜನರನ್ನ ಸರಿಸು."
"ಸರಿಸ್ತಿದೀನಿ ಸಾರ್."
ಆಮೇಲೆ ಏನೂ ಇಲ್ಲ.

ಕದಿರಮ್ಮನ ಬೆರಳಲ್ಲಿ ಅರ್ಧ ಸುಲಿದ ಕಾಯಿ.
ಸಿಗ್ನಲ್ ಹೋಯಿತು, ಅಂದೆ.
ಮೂವತ್ತೊಂದು ವರ್ಷದಲ್ಲಿ ಕೊಡದ ಸುಳ್ಳು ವರದಿ.
ಮೌನದಲ್ಲೂ ಜಾತಿಗಳಿವೆ:
ಗುಂಡಿ ಒತ್ತದ ಮೌನ ಒಂದು,
ಗುಂಡಿ ಒತ್ತಿ ಮಾತಾಡದ ಮೌನ ಇನ್ನೊಂದು.
ಇದು ಎರಡನೆಯದು. ಯಾರೋ ಉಸಿರಾಡುತ್ತಿದ್ದರು.

ಎರಡು ಹನ್ನೆರಡಕ್ಕೆ:
"ಒಂದು ಕಂಬಳಿ. ಮಗೂದು ಸ್ವೆಟರ್.
ಎರಡು ಸೇರು ಹಿತಕಿದ ಬೇಳೆ, ಕವರ್ ಒದ್ದೆ ಆಗಿದೆ ಸಾರ್."
ಕದಿರಮ್ಮ ಮೂಗು ಒರೆಸಿಕೊಂಡಳು:
"ಬೆಳಗಾದ್ರೆ ಹಳಸುತ್ತೆ. ಸಾರು ಮಾಡ್ಕೊಳ್ಳೋಕೆ ಹೇಳಕ್ಕ ಅವರಿಗೆ."
ಹೇಳಲಾರೆ. ನನ್ನದು ಬರೀ ಕೇಳುವ ಪೆಟ್ಟಿಗೆ.

ಯುಗಾದಿ ಕಳೆದ ಮೇಲೆ ಚಾನೆಲ್ಲಿಗೆ ಬೀಗ ಬಿತ್ತು.
ಒಳ್ಳೆಯದೇ. ಅಲ್ಲಿದ್ದಿದ್ದರೆ ನಾನೂ ಹಾಕಿಸುತ್ತಿದ್ದೆ.
ಈಗ ಪರದೆಯ ಮೇಲೆ ಒಂದು ಸಂಖ್ಯೆ ಹೊತ್ತಿಕೊಳ್ಳುತ್ತದೆ, ೨೨೦೭,
ಒಳಗೆ ಬಾಣಲೆಯಲ್ಲಿ ಮರಳು ಹುರಿದ ಸದ್ದು.
ಸಮಯ, ಸಂಖ್ಯೆ; ಷರಾ ಕಾಲಂನಲ್ಲಿ: ಮಾತು ತಿಳಿಯಲಿಲ್ಲ.
ಕದಿರಮ್ಮ ಹಸಿರು ಬೆಳಕನ್ನೇ ನೋಡುತ್ತಾಳೆ.
"ಇವತ್ತು ಹನ್ನೊಂದು ಸಲ ಮಾತಾಡಿದಳು. ಗಂಟಲು ನೋಯುತ್ತೆ."

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸುಗುಣ ಸಿಕ್ಕಿದ್ದಳು.
ಎರಡು ತಿಂಗಳಾಯಿತಂತೆ,
ಕಳೆದುಹೋದ ಸಾಮಾನಿನ ಕೌಂಟರಿಗೆ ಹಾಕಿದ್ದಾರೆ.
ವಾಕಿಟಾಕಿ ಇಲ್ಲ. ಕುರ್ಚಿ ಇದೆ, ಫ್ಯಾನು ಇದೆ.
ಅಮ್ಮನಿಗೆ ಹೇಳಬೇಡವೇ ಅಂದೆ.
"ಅವತ್ತೇ ಹೇಳಿದೀನಲ್ಲ ಆಂಟೀ."

ಈ ರಾತ್ರಿಯೂ ಸಂಖ್ಯೆ ಹೊತ್ತಿತು.
ಯಾರೋ. ಯಾರ ಮನೆಯ ಮಗುವೋ, ಯಾವ ಕಂಬದ ಬುಡದಲ್ಲೋ.
"ಬಂದಳು" ಅಂದಳು ಕದಿರಮ್ಮ.
ನಾನು ಸಮಯ ಬರೆದುಕೊಂಡೆ.
ಅವರೆ ಕಾಲ ಮುಗಿದು ಎಷ್ಟೋ ದಿನ;
ಅವಳೀಗ ಬೆಳ್ಳುಳ್ಳಿ ಸುಲಿಯುತ್ತಾಳೆ.